ಎಎಸ್‌ಎ ಅಂಕಿ ಬದಲಿಸೋದಾ, ಕಾಂಪೆನ್ಸೇಷನ್ ಕೊಡೋದಾ? (ನಿಕಾನ್ ಎಫ್‌ಇ, ಎಚ್‌ಪಿ5 ಪ್ಲಸ್)

ಮಸಿಹಾಳೆ

ಕ್ಯಾಮೆರಾ ನಿಕಾನ್ ಎಫ್‌ಇ, 50 ಮಿ.ಮೀ. ಲೆನ್ಸ್, ಫಿಲ್ಮ್ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ 400. ರಿವೈಂಡ್ ಹಿಡಿಯ ಸುತ್ತಲಿನ ಬಳೆಯಲ್ಲೇ ಎಎಸ್‌ಎ (ಫಿಲ್ಮ್ ಸ್ಪೀಡ್, ಈಗಿನ ಐಎಸ್‌ಒ) ಅಂಕಿಗಳೂ ಇವೆ, +2ರಿಂದ −2ರವರೆಗಿನ ಕಾಂಪೆನ್ಸೇಷನ್ (ಬೆಳಕನ್ನು ಹೆಚ್ಚು-ಕಡಿಮೆ ಮಾಡೋ) ಗುರುತುಗಳೂ ಇವೆ. "400ರ ಫಿಲ್ಮನ್ನು 200ಕ್ಕೆ ಇಟ್ಟು ತೆಗಿ" ಅನ್ನೋರು ಒಂದು ಕಡೆ, "ಅಂಕಿ ಮುಟ್ಟಬೇಡ, +1 ಇಡು" ಅನ್ನೋರು ಇನ್ನೊಂದು ಕಡೆ. ಎರಡೂ ಒಂದೇನಾ? ಒಟ್ಟಿಗೆ ಮಾಡಿದರೆ ಏನಾಗುತ್ತೆ?

ಒಂದೇ ರೋಲಿನಲ್ಲಿ ಮೊದಲರ್ಧ ಮಲ್ಪೆ ಬೀಚು, ಮಧ್ಯಾಹ್ನದ ಬಿಸಿಲು. ಉಳಿದರ್ಧ ರಾತ್ರಿ ಯಕ್ಷಗಾನ ಅಂತ ಯೋಜನೆ. ರಾತ್ರಿಗೆ ಅಂಕಿಯನ್ನು 1600ಕ್ಕೆ ತಿರುಗಿಸೋಣ ಅಂತಿದ್ದೇನೆ. ಎಲ್ಲಿ ಪ್ಲಸ್, ಎಲ್ಲಿ ಮೈನಸ್? ತೊಳೆಯೋದು ಮನೆಯಲ್ಲೇ, ಐಡಿ-11 ಡೆವಲಪರಿನಲ್ಲಿ.

ಬೆಳ್ಳಿಉಪ್ಪು

ಒಳಗಿನ ಸರ್ಕ್ಯೂಟಿಗೆ ಎರಡೂ ಒಂದೇ. 400ರಲ್ಲಿ +1 ಇಟ್ಟರೂ, ಅಂಕಿಯನ್ನೇ 200 ಮಾಡಿ ಸೊನ್ನೆಯಲ್ಲಿ ಬಿಟ್ಟರೂ ಬೆಳಕು ಅಳೆಯೋ ಮೀಟರು ಹೇಳೋದು ಅದೇ ಶಟರ್ ವೇಗ. ಎರಡನ್ನೂ ಮಾಡಿದರೆ ಕೂಡಿಕೊಳ್ಳುತ್ತೆ: 200 ಜೊತೆಗೆ +1 ಅಂದರೆ 100ರ ಫಿಲ್ಮಿಗೆ ಕೊಡುವಷ್ಟು ಬೆಳಕು, ಎರಡು ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಅಂಕಿ ಅರ್ಧವಾದರೆ ಬೆಳಕು ಇಮ್ಮಡಿ. ಇದನ್ನು ತಿರುವುಮುರುವಾಗಿ ಹಿಡಿಯುವವರೇ ಜಾಸ್ತಿ. 800ಕ್ಕೆ ತಿರುಗಿಸಿದರೆ ಅದು −1.

ಮತ್ತೆ ಎರಡು ಗುರುತು ಯಾಕೆ ಅಂದರೆ, ಎಎಸ್‌ಎ ಅಂಕಿ ಇಡೀ ರೋಲಿನದು, ಕಾಂಪೆನ್ಸೇಷನ್ ಆ ಒಂದು ದೃಶ್ಯದ್ದು. ಫಿಲ್ಮ್ ಹಾಕಿದ ಕೂಡಲೇ ಅಂಕಿ ಇಡಿ, ರೋಲ್ ಮುಗಿಯುವ ತನಕ ಅದನ್ನು ಮರೆತುಬಿಡಿ. ದೃಶ್ಯಕ್ಕೆ ಬೇಕಾದಾಗ ಕಾಂಪೆನ್ಸೇಷನ್ ಕೊಡಿ, ತೆಗೆದ ಮೇಲೆ ಸೊನ್ನೆಗೆ ತನ್ನಿ. ಎಫ್‌ಇಯ ವ್ಯೂಫೈಂಡರಿನಲ್ಲಿ ಕಾಂಪೆನ್ಸೇಷನ್ ಇದೆ ಅನ್ನುವ ಸೂಚನೆಯೇ ಇಲ್ಲ. ಸೊನ್ನೆಗೆ ತರದಿದ್ದರೆ ಉಳಿದ ಫ್ರೇಮುಗಳೆಲ್ಲ ಅದೇ ಲೆಕ್ಕದಲ್ಲಿ ಹೋಗುತ್ತವೆ. ಮ್ಯಾನುಯಲ್‌ನಲ್ಲೂ ಕಪ್ಪು ಮುಳ್ಳು ಅಷ್ಟೇ ಸರಿದಿರುತ್ತೆ.

ಈಗ ಪ್ಲಸ್ ಮೈನಸ್. ಮೀಟರಿಗೆ ಬಿಳಿ ಕಪ್ಪು ಗೊತ್ತಿಲ್ಲ, ಎದುರಿಗೆ ಬಂದದ್ದನ್ನೆಲ್ಲ ನಡುಬೂದು ಮಾಡಲು ಹೊರಡುತ್ತೆ. ಮಲ್ಪೆಯ ಮರಳು, ನೊರೆ, ನೀರಿನ ಹೊಳಪು ಸೇರಿದರೆ ಅದು ಎಫ್/16 ಅಪರ್ಚರಿನಲ್ಲಿ 1/1000 ಸೆಕೆಂಡ್ ಹೇಳೀತು. ಅದನ್ನೇ ಒಪ್ಪಿದರೆ ಮರಳು ಬೂದು, ಎದುರು ನಿಂತವರ ಮುಖ ಮಸಿ. +1 ಕೊಟ್ಟರೆ 1/500. ಬಿರುಬಿಸಿಲಿನ ಹಳೆಯ ಲೆಕ್ಕವೂ (ಎಫ್/16, ಶಟರ್ ಫಿಲ್ಮಿನ ಅಂಕಿಯ ಹತ್ತಿರದ್ದು) ಅಲ್ಲಿಗೇ ಬರುತ್ತೆ. ಸೂರ್ಯ ಜನರ ಬೆನ್ನ ಹಿಂದಿದ್ದರೆ ಇನ್ನೂ ಅರ್ಧದಿಂದ ಒಂದು ಸ್ಟಾಪ್ ಸೇರಿಸಿ. ಮುಳ್ಳಯ್ಯನಗಿರಿಯ ಮಂಜಿಗೂ ಇದೇ: +1ರಿಂದ +1.5.

ಯಕ್ಷಗಾನದಲ್ಲಿ ಎಲ್ಲ ಉಲ್ಟಾ. ಎಫ್‌ಇ ಮೀಟರು 60/40, ಅಂದರೆ ನಡುವಿನ 12 ಮಿ.ಮೀ. ವೃತ್ತಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಲೆ ಅಷ್ಟೇ. ಸುತ್ತಲಿನ ಕತ್ತಲು ಲೆಕ್ಕಕ್ಕೆ ಸೇರಿ ಮುಖ ಬೆಳ್ಳಗೆ ಉರಿದುಹೋಗುತ್ತೆ. ಬಣ್ಣದ ವೇಷದ ಚಿಟ್ಟಿಯ (ಮುಖದ ಮೇಲಿಡುವ ಬಿಳಿ ಹಿಟ್ಟಿನ ಅಲಂಕಾರ) ಮುಳ್ಳು ಮುಳ್ಳು ವಿವರ ಮೊದಲು ಹೋಗೋದು. −1ರಿಂದ ಶುರು ಮಾಡಿ, ವೇಷ ಫ್ರೇಮಿನಲ್ಲಿ ತೀರ ಚಿಕ್ಕದಿದ್ದರೆ −2. ಇದಕ್ಕಿಂತ ಒಳ್ಳೆ ದಾರಿ: ಅದೇ ದೀಪದ ಬೆಳಕು ಬೀಳುವ ಕಡೆ ನಿಮ್ಮ ಅಂಗೈ ಹಿಡಿದು, ಫ್ರೇಮು ತುಂಬುವಂತೆ ನೋಡಿ. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ, ಆದ್ದರಿಂದ ಅದರ ಓದಿಗೆ +1 ಸೇರಿಸಿ ಮ್ಯಾನುಯಲ್‌ನಲ್ಲಿ ಇಟ್ಟುಬಿಡಿ. ದೀಪ ಬದಲಾಗುವ ತನಕ ಮೀಟರಿನ ಮುಖ ನೋಡಬೇಕಿಲ್ಲ. ಆಟೋದಲ್ಲೇ ಇರಬೇಕೆಂದರೆ ಸೆಲ್ಫ್‌ಟೈಮರ್ ಲಿವರನ್ನು ಲೆನ್ಸಿನ ಕಡೆಗೆ ಒತ್ತಿ ಹಿಡಿಯಿರಿ, ಓದು ಅಲ್ಲೇ ನಿಲ್ಲುತ್ತೆ.

ಕತ್ತಲೆಕೋಣೆ

ಮೇಲಿನದೆಲ್ಲ ಸರಿ. ಆದರೆ ಪ್ರಶ್ನೆಯಲ್ಲಿರುವ ದೊಡ್ಡ ತೊಡಕನ್ನು ಯಾರೂ ಮುಟ್ಟಲಿಲ್ಲ. ಹಗಲು 400, ರಾತ್ರಿ 1600 ಅಂತ ಒಂದೇ ರೋಲಿನಲ್ಲಿ ಮಾಡಲಾಗದು. ಡಯಲ್ ತಿರುಗಿಸಿದರೆ ಫಿಲ್ಮಿನ ಸ್ಪೀಡ್ ಬದಲಾಗಲ್ಲ, ಬೀಳುವ ಬೆಳಕು ಕಡಿಮೆಯಾಗುತ್ತೆ ಅಷ್ಟೇ. ಆ ಕೊರತೆಯನ್ನು ಡೆವಲಪರಿನಲ್ಲಿ ಹೊತ್ತು ಹೆಚ್ಚಿಸಿ ತುಂಬಬೇಕು, ಟ್ಯಾಂಕಿಗೆ ಹೋಗೋದು ಇಡೀ ರೋಲು.

ಎಚ್‌ಪಿ5 ಪ್ಲಸ್, ಐಡಿ-11 ಸ್ಟಾಕ್ (ಮತ್ತೆ ನೀರು ಬೆರೆಸದ್ದು), 20 ಡಿಗ್ರಿ ಸೆಲ್ಸಿಯಸ್: 400ಕ್ಕೆ 7.5 ನಿಮಿಷ, 800ಕ್ಕೆ 10.5, 1600ಕ್ಕೆ 14. ಹದಿನಾಲ್ಕು ನಿಮಿಷ ತೊಳೆದರೆ ಬೀಚಿನ ಮರಳು, ಆಕಾಶ ಕಲ್ಲಿನಂತೆ ಗಟ್ಟಿಯಾಗಿ ಪ್ರಿಂಟಿಗೆ ಬಾರದು. ಏಳೂವರೆಗೆ ತೆಗೆದರೆ ಯಕ್ಷಗಾನದ ಫ್ರೇಮುಗಳು ಹೆಚ್ಚುಕಡಿಮೆ ಖಾಲಿ. ಎರಡು ರೋಲ್ ತನ್ನಿ. ಒಂದೇ ಇದೆ ಅಂದರೆ ಎಲ್ಲವನ್ನೂ 800ರಲ್ಲಿ ತೆಗೆದು 10.5 ನಿಮಿಷ ತೊಳೆಯಿರಿ. ಹಗಲಿಗೆ 1/1000, ಎಫ್/16ರ ಆಸುಪಾಸು ಬರುತ್ತೆ, ಎಫ್‌ಇಗೆ ಅದಕ್ಕಿಂತ ಚುರುಕಾದ ಶಟರ್ ಇಲ್ಲ, ಹೇಗೋ ಸಾಗುತ್ತೆ. ರಾತ್ರಿ ಲೆನ್ಸನ್ನು ಪೂರ್ತಿ ತೆರೆದಿಡಬೇಕಾದೀತು.

ಹೀಗೆ ಕಡಿಮೆ ಬೆಳಕು ಕೊಟ್ಟು ಹೆಚ್ಚು ಹೊತ್ತು ತೊಳೆಯೋದೇ ಪುಶ್; ಅದರಿಂದ ಏನು ಸಿಗುತ್ತೆ ಅನ್ನೋದೂ ಗೊತ್ತಿರಲಿ. ಕಪ್ಪು-ಬಿಳುಪು ಫಿಲ್ಮಿನ ಐಎಸ್‌ಒ ಅಳೆಯೋದು ನೆರಳಿನ ತುದಿಯಲ್ಲಿ: ಏನೂ ಬೀಳದ ಫಿಲ್ಮಿಗಿಂತ 0.1 ಡೆನ್ಸಿಟಿ (ಕಪ್ಪಿನ ಗಟ್ಟಿತನ) ಹೆಚ್ಚು ಬರಲು ಎಷ್ಟು ಬೆಳಕು ಬೇಕು ಅಂತ. ಬೆಳಕೇ ಬೀಳದ ನೆರಳಿಗೆ ಎಷ್ಟು ಹೊತ್ತು ತೊಳೆದರೂ ವಿವರ ಹುಟ್ಟಲ್ಲ. ಬೆಳೆಯೋದು ನಡುಬಣ್ಣ, ಬೆಳಕಿನ ಭಾಗ, ಜೊತೆಗೆ ಕಾಂಟ್ರಾಸ್ಟು. ಇಲ್‌ಫರ್ಡಿನ ಡೆಲ್ಟಾ 3200 ಕೂಡ ಅಳತೆಯಲ್ಲಿ ಐಎಸ್‌ಒ 1000; ಡಬ್ಬಿಯ ಮೇಲಿನ ಅಂಕಿ ಪುಶ್ ಮಾಡಿ ಬಳಸಿ ಅನ್ನುವ ಸಲಹೆ. ಯಕ್ಷಗಾನಕ್ಕೆ ಹಿನ್ನೆಲೆ ಹೇಗೂ ಕಪ್ಪು, ಹಾಗಾಗಿ ಪುಶ್ ಅಲ್ಲಿ ಚೆನ್ನಾಗೇ ಹೊಂದುತ್ತೆ.

ಕರಾವಳಿಯಲ್ಲಿದ್ದರೆ ನೀರಿನ ಬಿಸಿ ನೋಡಿಕೊಳ್ಳಿ. ಒಂದು ಡಿಗ್ರಿ ಏರಿದರೆ ಹೊತ್ತು ಸುಮಾರು ಶೇ. 10 ಇಳಿಸಬೇಕು. 28 ಡಿಗ್ರಿಯ ನಲ್ಲಿ ನೀರಿನಲ್ಲಿ ಏಳೂವರೆ ನಿಮಿಷ ಮೂರೂವರೆಯ ಒಳಗೆ ಬರುತ್ತೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಪಟ್ಟೆ ಪಟ್ಟೆಯಾಗುವ ಸಾಧ್ಯತೆ. ಐಸ್ ಬಾಟಲಿ ಇಟ್ಟ ಬಕೆಟ್ಟಿನಲ್ಲಿ ಡೆವಲಪರ್, ಫಿಕ್ಸರ್, ತೊಳೆಯುವ ನೀರು ಎಲ್ಲವನ್ನೂ 22ರ ಹತ್ತಿರ ತನ್ನಿ, ಆಗ ಸುಮಾರು ಆರು ನಿಮಿಷ.

ಹಳದಿಫಿಲ್ಟರ್

200ಕ್ಕೆ ಇಡುವವರ ಮಾತಿನಲ್ಲೂ ಹುರುಳಿದೆ. 1960ರಲ್ಲಿ ಎಎಸ್‌ಎ ನಿಯಮ ಬದಲಾದಾಗ ಅದುವರೆಗಿದ್ದ ಒಂದು ಸ್ಟಾಪಿನ ರಕ್ಷಣೆಯನ್ನು ತೆಗೆದುಹಾಕಿದರು. ಕೊಡಾಕಿನ ಟ್ರೈ-ಎಕ್ಸ್ 200 ಇದ್ದದ್ದು ಫಿಲ್ಮ್ ಬದಲಾಗದೆಯೇ 400 ಆಯಿತು. ಗಟ್ಟಿ ಬಿಸಿಲಿನಲ್ಲಿ ಎಚ್‌ಪಿ5 ಅನ್ನು 200ರಲ್ಲಿ ತೆಗೆದು, ಆರು ನಿಮಿಷ ತೊಳೆದರೆ ಮರದ ನೆರಳಿನೊಳಗಿನ ವಿವರ ಸಿಗುತ್ತೆ, ಬೆಳಕಿನ ಭಾಗವೂ ಹಿಡಿತದಲ್ಲಿರುತ್ತೆ. ಆದರೆ ಎಲ್ಲ ಫಿಲ್ಮಿಗೂ ಇದನ್ನೇ ಮಂತ್ರ ಮಾಡಬೇಡಿ. ಸ್ಲೈಡ್ ಫಿಲ್ಮಿನಲ್ಲಿ, ಉದಾಹರಣೆಗೆ ವೆಲ್ವಿಯಾ 50ರಲ್ಲಿ, ಒಂದು ಸ್ಟಾಪ್ ಹೆಚ್ಚಾದರೆ ಬಿಳಿ ಹೋಯಿತು, ವಾಪಸ್ ಬರಲ್ಲ.

ಇನ್ನೊಂದು: ಎಫ್‌ಇಯಲ್ಲಿ ಮೀಟರು ಲೆನ್ಸಿನ ಮೂಲಕವೇ ನೋಡುತ್ತೆ. ಹಳದಿ ಫಿಲ್ಟರಿಗೆ ಒಂದು ಸ್ಟಾಪ್, ಕೆಂಪಿಗೆ ಮೂರು ಅಂತ ಫಿಲ್ಟರಿನ ಅಂಚಿನಲ್ಲಿದ್ದುದನ್ನು ಓದಿ ಕಾಂಪೆನ್ಸೇಷನ್ ಕೊಟ್ಟರೆ ಎರಡು ಸಲ ಕೊಟ್ಟಂತೆ.

ಮಸಿಹಾಳೆ

ಎರಡು ರೋಲ್ ತರುತ್ತೇನೆ. ಕಲರ್ ನೆಗೆಟಿವ್ ಹಾಕಿದಾಗ ಕೊಡಾಕ್ ಗೋಲ್ಡ್ 200 ಅನ್ನು 100ರಲ್ಲಿ ತೆಗೆದರೆ ಲ್ಯಾಬಿಗೆ ಹೇಳಬೇಕಾ?

ಕತ್ತಲೆಕೋಣೆ

ಬೇಡ. ಒಂದು ಸ್ಟಾಪ್ ಹೆಚ್ಚನ್ನು ಅದು ಸುಲಭವಾಗಿ ತಾಳುತ್ತೆ, ಮಾಮೂಲಿ ಸಿ-41 (ಕಲರ್ ನೆಗೆಟಿವ್ ತೊಳೆಯೋ ಕ್ರಮ) ಸಾಕು: 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ಹೇಳಬೇಕಾದ್ದು ಕಡಿಮೆ ಬೆಳಕು ಕೊಟ್ಟಾಗ. 200 ಅನ್ನು 400ರಲ್ಲಿ ತೆಗೆದಿದ್ದರೆ ಕ್ಯಾನಿಸ್ಟರಿನ ಮೇಲೆ "+1 ಪುಶ್" ಅಂತ ಬರೆದು ಕೊಡಿ.

ಕಲ್ಲುಹೂ

ಪ್ರಶ್ನೆಗೆ ಅಂಟಿಕೊಂಡೇ ಒಂದು. ಕ್ಯಾನನೆಟ್ ಜಿ-3 ಕ್ಯೂಎಲ್17 ಕ್ಯಾಮೆರಾ ಇದೆ, ಕಾಂಪೆನ್ಸೇಷನ್ ಡಯಲೇ ಇಲ್ಲ. 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದ್ದೇನೆ, ಎಲ್ಲ ಕತ್ತಲೆಯಾಗಿ ಬರುತ್ತಿದೆ.

ಬೆಳ್ಳಿಉಪ್ಪು

ಅದು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ ಮೀಟರು. ವೋಲ್ಟೇಜ್ ಹೆಚ್ಚಾದರೆ ಬೆಳಕು ಹೆಚ್ಚಿದೆ ಅಂತ ತಿಳಿದು ಅಪರ್ಚರ್ ಮುಚ್ಚುತ್ತೆ. ಕಾಂಪೆನ್ಸೇಷನ್ ಬದಲು ಎಎಸ್‌ಎ ಬಳೆಯನ್ನೇ ಇಳಿಸಬಹುದು, 400ಕ್ಕೆ 200, ಆದರೆ ತಪ್ಪು ಎಲ್ಲ ಬೆಳಕಿನಲ್ಲೂ ಒಂದೇ ಪ್ರಮಾಣದಲ್ಲಿ ಇರಲ್ಲ, ಬಿಸಿಲಿಗೆ ಸರಿಯಾದದ್ದು ಜಗಲಿಯಲ್ಲಿ ಸರಿಯಿರದು. ಶ್ರವಣ ಸಾಧನ ಮಾರುವ ಅಂಗಡಿಯಲ್ಲಿ ಸಿಗುವ 675 ಜಿಂಕ್-ಏರ್ ಸೆಲ್ ಹಾಕಿ: 1.4 ವೋಲ್ಟ್, ಮೀಟರಿಗೆ ಸಾಕಷ್ಟು ಹತ್ತಿರ. ವ್ಯಾಸ ಚಿಕ್ಕದು, ಸುತ್ತ ರಬ್ಬರ್ ಬಳೆ ತೊಡಿಸಿ ನಡುವೆ ಕೂರಿಸಬೇಕು, ಗಾಳಿಯ ತೂತು ಮುಚ್ಚದಂತೆ ನೋಡಿಕೊಳ್ಳಿ. ಅಂಟುಚೀಟಿ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಕೆಲವು ತಿಂಗಳಲ್ಲಿ ಮುಗಿಯುತ್ತೆ, ಹಾಗಾಗಿ ರೋಲ್ ಹಾಕುವ ದಿನವೇ ಕಿತ್ತರೆ ಸಾಕು.