ಒಂದೇ ಕ್ಲಾಸು, ಎರಡು ಸೂಜಿ: ಒಂದರ ಮೊನೆ ಉತ್ತರಕ್ಕೆ, ಇನ್ನೊಂದರದ್ದು ದಕ್ಷಿಣಕ್ಕೆ. ಯಾಕೆ?

ಶಿಡ್ಲಘಟ್ಟದ ಮೇಡಂ:
ನಾನು ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಿನ್ನೆ ಮಕ್ಕಳಿಂದ ದಿಕ್ಸೂಚಿ ಮಾಡಿಸಿದೆ. ಹೊಲಿಗೆ ಸೂಜಿಯನ್ನು ಲ್ಯಾಬಿನ ಅಯಸ್ಕಾಂತಕ್ಕೆ ಉಜ್ಜಿ, ನಡುವಿಗೆ ದಾರ ಕಟ್ಟಿ, ಕಿಟಕಿ ಮುಚ್ಚಿ ತೂಗುಹಾಕಿದೆವು. ಅದು ನಿಲ್ಲಲೇ ಇಲ್ಲ, ಸುಮ್ನೆ ತಿರುಗುತ್ತಲೇ ಇತ್ತು. ಆಮೇಲೆ ಥರ್ಮಾಕೋಲ್ ಚೂರಿಗೆ ಚುಚ್ಚಿ ನೀರಲ್ಲಿ ಬಿಟ್ಟೆವು. ಆಗ ನಿಂತಿತು. ಆದರೆ ಮೊದಲ ಗುಂಪಿನ ಸೂಜಿಯ ಮೊನೆ ಉತ್ತರಕ್ಕೆ, ಎರಡನೇ ಗುಂಪಿನದು ದಕ್ಷಿಣಕ್ಕೆ! "ನಮ್ಮದು ತಪ್ಪಾಯ್ತಾ ಮಿಸ್?" ಅಂತ ಒಬ್ಬಳು ಮುಖ ಸಣ್ಣದು ಮಾಡಿಕೊಂಡಳು. ಚೀನಾದವರ ಮೊದಲ ದಿಕ್ಸೂಚಿ ದಕ್ಷಿಣವನ್ನೇ ತೋರಿಸುತ್ತಿತ್ತು ಅಂತ ಎಲ್ಲೋ ಓದಿದ ನೆನಪು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಳೇ ನಾವಿಕ, ಮಂಗಳೂರು:
ಮೇಡಂ, ಆ ಹುಡುಗಿಗೆ ಮೊದಲು ಇದನ್ನು ಹೇಳಿ. ಚೀನಾದಲ್ಲಿ ಶೆನ್ ಕುವೊ ಅಂತ ಒಬ್ಬ ದೊಡ್ಡ ಅಧಿಕಾರಿ ಇದ್ದರು. ಅವರು 1088ರ ಸುಮಾರಿಗೆ ಇದನ್ನೇ ಬರೆದಿಟ್ಟಿದ್ದಾರೆ. ಉಜ್ಜಿದ ಸೂಜಿ ದಕ್ಷಿಣ ತೋರಿಸುತ್ತದೆ, ಕೆಲವು ಉತ್ತರ ತೋರಿಸುತ್ತವೆ, ನಮ್ಮ ಮನೆಯಲ್ಲಿ ಎರಡೂ ಥರದವು ಇವೆ ಅಂತ. ಕಾರಣ ತಿಳಿಯುವುದಿಲ್ಲ ಅಂತಲೂ ಬರೆದಿದ್ದಾರೆ. ನನಗೆ ಆ ಸಾಲು ತುಂಬಾ ಇಷ್ಟ.

ಕಾರಣ ನಮಗೀಗ ಗೊತ್ತು. ಉಜ್ಜುವಾಗ ಅಯಸ್ಕಾಂತ ಕೊನೆಗೆ ಬಿಟ್ಟ ತುದಿ, ಉಜ್ಜಿದ ಧ್ರುವಕ್ಕೆ ಎದುರು ಧ್ರುವವಾಗುತ್ತದೆ. ನಿಮ್ಮ ಎರಡು ಗುಂಪುಗಳು ಅಯಸ್ಕಾಂತದ ಬೇರೆ ಬೇರೆ ತುದಿ ಹಿಡಿದಿರಬೇಕು, ಇಲ್ಲವೇ ಉಜ್ಜಿದ ದಿಕ್ಕು ಬೇರೆ ಇರಬೇಕು. ಸೂಜಿ ನಿಲ್ಲುವುದು ಉತ್ತರ ದಕ್ಷಿಣಕ್ಕೇ ಅಲ್ವಾ? ಯಾವ ತುದಿಗೆ ಗುರುತು ಹಾಕಬೇಕು ಅನ್ನುವುದು ನಮ್ಮಿಷ್ಟ. ಚೀನಾದಲ್ಲಿ ದಕ್ಷಿಣವೇ ಮುಖ್ಯ ದಿಕ್ಕು. ಚಕ್ರವರ್ತಿ ಕೂರುತ್ತಿದ್ದದ್ದು ದಕ್ಷಿಣಕ್ಕೆ ಮುಖ ಮಾಡಿ.

ಇನ್ನು ನಿಮ್ಮ ದಾರ. ಹತ್ತಿ ದಾರಕ್ಕೆ ಹುರಿ ಇರುತ್ತದೆ. ಅದು ಬಿಚ್ಚಿಕೊಳ್ಳುವಾಗ ಸೂಜಿಯನ್ನೂ ತಿರುಗಿಸುತ್ತದೆ. ಶೆನ್ ಕುವೊ ನೀರಲ್ಲಿ ತೇಲಿಸಿದ್ದರು, ಜಾಸ್ತಿ ಅಲುಗಾಡುತ್ತದೆ ಅಂದರು. ಉಗುರಿನ ಮೇಲೆ, ಬಟ್ಟಲಿನ ಅಂಚಿನ ಮೇಲೆ ಇಟ್ಟರೆ ಚೆನ್ನಾಗಿ ತಿರುಗುತ್ತದೆ, ಆದರೆ ಜಾರಿ ಬೀಳುತ್ತದೆ ಅಂದರು. ಕೊನೆಗೆ ಅವರು ಮೆಚ್ಚಿದ್ದು ಇದು: ಹೊಸ ರೇಷ್ಮೆಯ ಒಂಟಿ ಎಳೆ ತೆಗೆದುಕೊಂಡು, ಸಾಸಿವೆ ಕಾಳಿನಷ್ಟು ಮೇಣದಿಂದ ಸೂಜಿಯ ಸೊಂಟಕ್ಕೆ ಅಂಟಿಸಿ, ಗಾಳಿ ಇಲ್ಲದ ಕಡೆ ತೂಗುಹಾಕುವುದು. ನಿಮ್ಮೂರಲ್ಲಿ ರೇಷ್ಮೆಗೇನು ಬರವೇ ಮೇಡಂ!

ಪಿಯು ಓದುತ್ತಿರುವವನು:
ಸರ್, ಹಡಗಿನಲ್ಲಿ ಇದನ್ನು ಯಾವಾಗಿನಿಂದ ಬಳಸಿದರು? ಕಾರಣ ಕಂಡುಹಿಡಿದಿದ್ದು ಯಾರು?

ಹಳೇ ನಾವಿಕ, ಮಂಗಳೂರು:
12ನೇ ಶತಮಾನದ ಮೊದಲಲ್ಲೇ ಝು ಯು ಎಂಬ ಚೀನೀ ಲೇಖಕ ಬರೆದಿದ್ದಾನೆ: ಹಡಗು ನಡೆಸುವವರು ರಾತ್ರಿ ನಕ್ಷತ್ರ ನೋಡುತ್ತಾರೆ, ಹಗಲು ಸೂರ್ಯನನ್ನು ನೋಡುತ್ತಾರೆ, ಮೋಡ ಕವಿದಾಗ ಸೂಜಿ ನೋಡುತ್ತಾರೆ ಅಂತ. ನಮ್ಮ ಕಡೆಯ ಸಮುದ್ರದ ಮಾತೂ ಸಿಗುತ್ತದೆ. ಬೈಲಕ್ ಅಲ್ ಕಿಬ್ಜಾಕಿ 1282ರಲ್ಲಿ ಅರಬ್ಬಿಯಲ್ಲಿ ಬರೆದ ಪ್ರಕಾರ, ಹಿಂದೂ ಮಹಾಸಾಗರದ ನಾವಿಕರು ತೆಳು ಕಬ್ಬಿಣದ ಟೊಳ್ಳು ಮೀನನ್ನು ನೀರಲ್ಲಿ ತೇಲಿಸುತ್ತಿದ್ದರು. ಅದರ ತಲೆ ಬಾಲ ದಕ್ಷಿಣ ಉತ್ತರಕ್ಕೆ ನಿಲ್ಲುತ್ತಿತ್ತು.

1269ರಲ್ಲಿ ಪೀಟರ್ ಪೆರೆಗ್ರಿನಸ್ ಎಂಬಾತ ಇಟಲಿಯಲ್ಲಿ ಲುಚೇರಾ ಮುತ್ತಿಗೆಯ ಸೈನ್ಯದ ನಡುವೆ ಕೂತು ಸೂಜಿಗಲ್ಲಿನ ಬಗ್ಗೆ ಒಂದು ದೊಡ್ಡ ಪತ್ರ ಬರೆದ. ಕಲ್ಲನ್ನು ಎರಡು ತುಂಡು ಮಾಡಿದರೂ ಪ್ರತಿ ತುಂಡಿಗೂ ಎರಡೆರಡು ಧ್ರುವ ಇರುತ್ತವೆ ಅಂತ ಅದರಲ್ಲಿದೆ. ಭೂಮಿಯೇ ದೊಡ್ಡ ಅಯಸ್ಕಾಂತ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಪ್ರಕಟಿಸಿದ್ದು 1600ರಲ್ಲಿ. ಸೂಜಿಗಲ್ಲನ್ನು ಉಂಡೆ ಮಾಡಿ, ಅದರ ಮೇಲೆ ಪುಟ್ಟ ಸೂಜಿ ಸರಿಸುತ್ತಾ ನೋಡಿ ತಿಳಿದುಕೊಂಡ. ನಾನಿದ್ದ ಹಡಗುಗಳಲ್ಲಿ ಕರೆಂಟಿನ ಯಂತ್ರಗಳು ಎಷ್ಟೇ ಇದ್ದರೂ, ಕರೆಂಟು ಬೇಡದ ಆ ಹಳೇ ದಿಕ್ಸೂಚಿಯನ್ನು ಯಾರೂ ಇಳಿಸಲಿಲ್ಲ.

ಶಿಡ್ಲಘಟ್ಟದ ಮೇಡಂ:
ಸರ್, ಮಾಡಿ ನೋಡಿದೆವು! ಅರ್ಧ ಕ್ಲಾಸಿನ ಮಕ್ಕಳ ಮನೆಯಲ್ಲಿ ಹುಳು ಸಾಕುತ್ತಾರೆ. ಒಬ್ಬ ಜೇಬಿನ ತುಂಬಾ ಗೂಡು ತಂದ. ಬಿಸಿನೀರಲ್ಲಿ ಹಾಕಿ ಒಂದು ಎಳೆ ಎಳೆದೆವು. ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದು, ಆದರೂ ಸೂಜಿಯ ಭಾರ ತಡೆಯಿತು. ಮೇಣಕ್ಕೆ ಅಳತೆಯಾಗಿ ಪಕ್ಕದಲ್ಲೇ ನಿಜವಾದ ಸಾಸಿವೆ ಕಾಳು ಇಟ್ಟುಕೊಂಡಿದ್ದೆವು. ಸೂಜಿ ಆಚೆ ಈಚೆ ತೂಗಾಡಿ, ನಿಧಾನವಾಗಿ ನಿಂತಿತು. ಕೈಯಿಂದ ತಿರುಗಿಸಿದರೂ ಮತ್ತೆ ಅಲ್ಲಿಗೇ ಬಂತು. ಎರಡೂ ಸೂಜಿಯನ್ನು ಕ್ಲಾಸಿನ ಎರಡು ಮೂಲೆಯಲ್ಲಿ ತೂಗುಹಾಕಿದ್ದೇವೆ. ದಕ್ಷಿಣದ ಸೂಜಿಯ ಕೆಳಗೆ ಅವಳೇ ಚೀಟಿ ಅಂಟಿಸಿದ್ದಾಳೆ: "ಇದೂ ಸರಿ, 1088."