ಶೇಕ್ಸ್‌ಪಿಯರ್ ಸ್ಪರ್ಧೆಗೆ ಮಗಳ ತಯಾರಿ

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಹತ್ತನೆಯ ತರಗತಿಯ ನನ್ನ ಮಗಳು ಇಂಗ್ಲಿಷ್ ಮಾತಾಡುವ ಜನರನ್ನು ಬೆಸೆಯಲೆಂದು ಬ್ರಿಟನ್ನಿನಲ್ಲಿ ಹುಟ್ಟಿದ ಸಂಸ್ಥೆಯಾದ ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ನಿನ ಸ್ಥಳೀಯ ಶಾಖೆಯ ಶೇಕ್ಸ್‌ಪಿಯರ್ ಸ್ಪರ್ಧೆಗೆ ಶಾಲೆಯಿಂದ ಆಯ್ಕೆಯಾಗಿದ್ದಾಳೆ. ತಯಾರಿ ಹೇಗೆ? ಇದು ಬ್ರಿಟಿಷ್ ವೈಭವವನ್ನು ಕೊಂಡಾಡುವ ಕೂಟವೇ ಎಂಬ ಅಳುಕೂ ನನಗಿದೆ.

ಉತ್ತರ 1: ಅಳುಕು ಪೂರ್ತಿ ಆಧಾರವಿಲ್ಲದ್ದೇನಲ್ಲ. 1918ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಎವೆಲಿನ್ ರೆಂಚ್ ಸಾಮ್ರಾಜ್ಯದ ಅಭಿಮಾನಿಯೇ ಆಗಿದ್ದರು. ಆದರೆ 1983ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ಇಂದು ಶಾಲೆ, ಶಾಖೆ, ರಾಷ್ಟ್ರ ಎಂಬ ಮೂರು ಹಂತಗಳಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ ಪರೀಕ್ಷೆಗೊಳಗಾಗುವುದು ಮಕ್ಕಳ ಅರ್ಥಗ್ರಹಣವೇ. ನಾಟಕದ ಒಂದು ಪಾತ್ರದ ಸುಮಾರು 20 ಸಾಲುಗಳ ಮಾತು, ಒಂದು ಸಾನೆಟ್ (ಹದಿನಾಲ್ಕು ಸಾಲುಗಳ ಕವಿತೆ) ಹೇಳಬೇಕು; ವೇಷಭೂಷಣವಿಲ್ಲ, ಪರಿಕರವಿಲ್ಲ.

ಉತ್ತರ 2: ಸಾನೆಟ್ಟನ್ನು ಹಗುರವಾಗಿ ಎಣಿಸಬೇಡಿ. ನಮ್ಮ ಮಕ್ಕಳು ಪ್ರತಿ ಸಾಲಿನ ಕೊನೆಗೂ ನಿಂತು, ಮಗ್ಗಿ ಒಪ್ಪಿಸಿದಂತೆ ಹೇಳಿಬಿಡುತ್ತಾರೆ (ನನ್ನ ಮಗನೂ ಹಾಗೆಯೇ ಮಾಡಿದ). ಸಾಲು ಮುಗಿದರೂ ವಾಕ್ಯ ಮುಗಿಯದ ಕಡೆ ಉಸಿರು ಬಿಡಬಾರದು. 130ನೆಯ ಸಾನೆಟ್ಟನ್ನೇ ನೋಡಿ: ಹನ್ನೆರಡು ಸಾಲು ಪ್ರೇಯಸಿಯ ಕಣ್ಣು, ತುಟಿ, ಕೂದಲುಗಳನ್ನು ಹೊಗಳಲು ಒಪ್ಪದ ಕವಿ ಕೊನೆಯ ಎರಡು ಸಾಲುಗಳಲ್ಲಿ ಥಟ್ಟನೆ ಒಲವಿನ ಕಡೆಗೆ ಹೊರಳುತ್ತಾನೆ. ಆ ಹೊರಳು ಹುಡುಗಿಯ ದನಿಯಲ್ಲಿ ಕೇಳಿಸಬೇಕು.

ಪ್ರಶ್ನಿಸಿದವರು: ಧನ್ಯವಾದಗಳು. ನಿನ್ನೆ ಅಡುಗೆಮನೆಯಲ್ಲಿ ಓದಿಸಿದಾಗ ಅವಳು ನಿಂತದ್ದೆಲ್ಲ ಸಾಲಿನ ಕೊನೆಯಲ್ಲೇ.