ಸವಳು ಭೂಮಿಯಲ್ಲಿ ಡುನಾಲಿಯೆಲ್ಲಾ ಪಾಚಿ ಬೆಳೆಸಬಹುದಾ?

ಸಿಂಧನೂರು ರೈತ:
ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮದು ಮೂರು ಎಕರೆ, ಅದರಲ್ಲಿ ಒಂದೆಕರೆ ಪೂರಾ ಸವಳು. ಬೇಸಿಗೆಯಲ್ಲಿ ಸುಣ್ಣ ಬಳಿದಂಗೆ ಬೆಳ್ಳಗಾಗ್ತದೆ, ಭತ್ತ ಹಚ್ಚಿದರೆ ಎಲೆ ತುದಿ ಸುಟ್ಟು ಹೋಗ್ತದೆ. ಉಪ್ಪುನೀರಿನ ಡುನಾಲಿಯೆಲ್ಲಾ ಪಾಚಿಯಿಂದ ಬೀಟಾ ಕ್ಯಾರೊಟಿನ್ ತೆಗೀತಾರೆ, ಅದು ಮೈಯೊಳಗೆ ಎ ವಿಟಮಿನ್ ಆಗ್ತದೆ ಅಂತ ಓದಿದೆ. ನಮ್ಮಲ್ಲಿ ಬಿಸಿಲೂ ಐತಿ, ಉಪ್ಪೂ ಐತಿ. ತೊಟ್ಟಿ ಕಟ್ಟಲಾ?

ಗಂಗಾವತಿ ತೊಟ್ಟಿ:
ಅಣ್ಣಾ, ದುಡ್ಡು ಹಾಕುವ ಮುಂಚೆ ಇದನ್ನ ಓದ್ರಿ. ನಾನು ಮನೆ ಹಿಂದೆ ಸ್ಪಿರುಲಿನಾ ಅನ್ನೋ ತಿನ್ನುವ ಪಾಚಿ ಬೆಳೀತೀನಿ, ಡುನಾಲಿಯೆಲ್ಲಾ ಒಂದು 200 ಲೀಟರ್ ಡ್ರಮ್ಮಿನಲ್ಲಿ ಮಾಡಿ ನೋಡೀನಿ.

ನಿಮ್ಮ ಹೊಲದ ಉಪ್ಪು ಇದಕ್ಕೆ ಯಾತಕ್ಕೂ ಸಾಲದು. ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಈ ಪಾಚಿ ಚೆನ್ನಾಗಿ ಕೆಂಪಾಗಲಿ ಅಂತ ನಾನು ಲೀಟರಿಗೆ 200 ಗ್ರಾಂ ಹಾಕಿದೆ, ಆ ಒಂದು ಡ್ರಮ್ಮಿಗೇ 40 ಕೆಜಿ. ಮೊದಲು ಹಸಿರಾಗಿ ಬೆಳೀತು. ಸಾರಜನಕ ಮುಗಿದು, ಮೇಲೆ ಬಿಸಿಲು ಬಡಿದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ಬೀಟಾ ಕ್ಯಾರೊಟಿನ್ ತುಂಬಿಕೊಳ್ತು; ಡ್ರಮ್ ಪೂರಾ ಕಿತ್ತಳೆ ಬಣ್ಣ. ಎಷ್ಟು ಖುಷಿಯಾಯ್ತೋ!

ಆದರೆ ಸೋಸಾಕ ಹೋದರೆ ಬಟ್ಟೆಯಲ್ಲಿ ಏನೂ ನಿಲ್ಲಲಿಲ್ಲ, ಕಿತ್ತಳೆ ನೀರೇ ಕೆಳಗಿಳೀತು. ಸ್ಪಿರುಲಿನಾ ಎಳೆಎಳೆ ಇರ್ತದೆ, ಬಟ್ಟೆ ಹಿಡೀತದೆ. ಇದು ಒಂದೊಂದೇ ಕಣ, ಸುಮಾರು ಹತ್ತು ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ), ಗಟ್ಟಿ ಗೋಡೆಯೂ ಇಲ್ಲ, ಒಡೆದು ಹೋಗ್ತದೆ. ತಳದಲ್ಲಿ ಕೂತಿದ್ದನ್ನು ತಟ್ಟೆಗೆ ಬಳಿದು ಬಿಸಿಲಿಗಿಟ್ಟೆ. ಸಂಜೆಗೆ ಬಣ್ಣ ಮಾಸಿತ್ತು. ಬೆಳಕು, ಗಾಳಿ ಸೋಕಿದರೆ ಕ್ಯಾರೊಟಿನ್ ಕೆಡ್ತದೆ, ನೆರಳಲ್ಲಿ ಬೇಗ ಒಣಗಬೇಕು.

ಸಿಂಧನೂರು ರೈತ:
ಅಕ್ಕಾ, ಉಳಿದ ಉಪ್ಪುನೀರು ಎಲ್ಲಿ ಚೆಲ್ಲಿದ್ರಿ?

ಗಂಗಾವತಿ ತೊಟ್ಟಿ:
ಎಲ್ಲೂ ಚೆಲ್ಲಲಿಲ್ಲ. ತಾಡಪಾಲಿನ ಮೇಲೆ ಆರಿಸಿ ಉಪ್ಪು ಎತ್ತಿಟ್ಟೆ. ನೀವು ಹೊಲದಲ್ಲಿ ತೊಟ್ಟಿ ಕಟ್ಟಿ, ಅದು ಒಂದು ಸಲ ಸೋರಿದರೆ ಉಳಿದ ಎರಡೆಕರೆಯೂ ಹೋಯ್ತು, ಪಕ್ಕದವರ ಗದ್ದೆಯೂ ಹೋಯ್ತು. ದಯವಿಟ್ಟು ಬ್ಯಾಡ್ರಿ.

ರಾಯಚೂರು ಮಣ್ಣು:
ಅಕ್ಕ ಹೇಳಿದ್ದು ಖರೆ. ಆಸ್ಟ್ರೇಲಿಯಾದ ಹಟ್ ಲಗೂನಿನಲ್ಲಿ ಇದನ್ನು ದೊಡ್ಡದಾಗಿ ಬೆಳೀತಾರೆ, ಅಲ್ಲಿ ಸರೋವರವೇ ಉಪ್ಪು. ನಿಮ್ಮದು ಬೇರೆ. ಮಣ್ಣು ಪರೀಕ್ಷೆ ಮಾಡಿಸಿ. ಬರೀ ಸವಳಾದರೆ ಬಸಿಗಾಲುವೆ ತೋಡಿ ಸಿಹಿನೀರಿನಿಂದ ಉಪ್ಪು ತೊಳೀಬೇಕು, ಕ್ಷಾರವಾದರೆ ಜಿಪ್ಸಂ. ಪಾಚಿಯೇ ಬೇಕೆಂದರೆ ಮನೆ ಹತ್ತಿರ ಸ್ಪಿರುಲಿನಾ ಒಂದು ತೊಟ್ಟಿ ಮಾಡಿ, ಅದರಲ್ಲೂ ಬೀಟಾ ಕ್ಯಾರೊಟಿನ್ ಇದೆ. ಮೇ ತಿಂಗಳಲ್ಲಿ ನೀರು 40 ಡಿಗ್ರಿ ದಾಟದಂತೆ ನೆರಳುಪರದೆ ಕಟ್ಟಿ.

ಸಿಂಧನೂರು ರೈತ:
ಸೋಮವಾರ ಮಣ್ಣು ತಗೊಂಡು ಹೋಗ್ತೀನಿ. ಅಕ್ಕಾ, ನಿಮ್ಮ ತೊಟ್ಟಿ ನೋಡಾಕ ಬರಬಹುದಾ?